ಆತ್ಮರತಿಯ ಗುರುತು

‘ಆತ್ಮರತಿ’ ಎಂಬ ಮಾತು ಈಚೆಗೆ ಬಹಳ ಅಗ್ಗವಾಗಿದೆ. ಕನ್ನಡಿಯ ಮುಂದೆ ತುಸು ಹೆಚ್ಚು ಹೊತ್ತು ನಿಂತವನಿಗೂ, ತನ್ನ ಪಟವನ್ನು ತಾನೇ ತೆಗೆದು ನಾಲ್ಕು ಜನಕ್ಕೆ ತೋರಿಸಿದವಳಿಗೂ ಈ ಬಿರುದು ದೊರೆಯುತ್ತಿದೆ. ಅಷ್ಟುಮಟ್ಟಿನ ಒಣಜಂಭ ಯಾರಲ್ಲಿಲ್ಲ? ಅದರಿಂದ ಯಾರ ಮನೆಯೂ ಮುರಿಯುವುದಿಲ್ಲ. ಮನೆಯನ್ನು ಮುರಿಯದೆಯೇ ಒಳಗಿರುವವರನ್ನು ಮುರಿಯುವ ಆತ್ಮರತಿ ಬೇರೆ. ಅದನ್ನು ಗುರುತಿಸುವುದು ಕಷ್ಟ.

ಗ್ರೀಕ್ ಪುರಾಣದ ನಾರ್ಸಿಸಸ್ಸನ ಕಥೆಯನ್ನು ರೋಮಿನ ಕವಿ ಆವಿಡ್ ತನ್ನ ‘ಮೆಟಮಾರ್ಫಸಿಸ್’ ಕಾವ್ಯದ ಮೂರನೆಯ ಭಾಗದಲ್ಲಿ ಹೇಳಿದ್ದಾನೆ. ಕೊಳದಲ್ಲಿ ಕಂಡ ತನ್ನ ಬಿಂಬಕ್ಕೇ ಮೋಹಗೊಂಡು ಸೊರಗಿ ಸತ್ತ ಆ ಚೆಲುವನನ್ನು ಎಲ್ಲರೂ ಬಲ್ಲರು. ಅದೇ ಕಥೆಯ ಎಕೋ ಎಂಬ ವನದೇವತೆಯನ್ನು ನೆನೆಯುವವರು ಕಡಮೆ. ಜೂನೋ ದೇವಿಯ ಶಾಪದಿಂದ ಅವಳಿಗೆ ಸ್ವಂತ ಮಾತಿಲ್ಲ; ಇತರರು ಆಡಿದ ಕೊನೆಯ ನುಡಿಯನ್ನು ಮರಳಿ ನುಡಿಯಬಲ್ಲಳು, ಅಷ್ಟೆ. ಅವನಿಂದ ತಿರಸ್ಕೃತಳಾಗಿ, ಕ್ಷಯಿಸಿ, ಕಡೆಗೆ ಬರಿಯ ದನಿಯಾಗಿ ಉಳಿದಳು. ಆತ್ಮರತಿಯ ಗುರುತನ್ನು ನಾರ್ಸಿಸಸ್ಸನ ಮುಖದಲ್ಲಿ ಹುಡುಕುವುದಕ್ಕಿಂತ ಎಕೋವಿನ ದನಿಯಲ್ಲಿ ಹುಡುಕುವುದು ಮೇಲೆಂದು ನನ್ನ ಅಭಿಪ್ರಾಯ.

ಇದನ್ನು ನಾನು ಕಲಿತುದು ತಡವಾಗಿ. ನನಗೊಬ್ಬ ಗೆಳೆಯನಿದ್ದ, ಮಾತುಗಾರ, ರಸಿಕ. ಅವನ ಮನೆಯ ಜಗಲಿಯಲ್ಲಿ ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ. ಮದುವೆಯಾದ ಹೊಸದರಲ್ಲಿ ಅವನ ಹೆಂಡತಿಯೂ ನಮ್ಮ ಚರ್ಚೆಗೆ ಬಂದು ಕೂಡುತ್ತಿದ್ದರು. ಓದಿಕೊಂಡವರು, ಸ್ವತಂತ್ರವಾಗಿ ಆಲೋಚಿಸುವವರು. ಆಗ ಅವನು ಅವರನ್ನು ಸಾಕ್ಷಾತ್ ಸರಸ್ವತಿಯೆಂದೇ ಹೊಗಳುತ್ತಿದ್ದ. ವರ್ಷಗಳು ಕಳೆದಂತೆ ಹೊಗಳಿಕೆ ಹಾಸ್ಯವಾಯಿತು, ಹಾಸ್ಯ ಹೀಯಾಳಿಕೆಯಾಯಿತು. ಅವರು ಹಿಂದಿನ ಮಾತೊಂದನ್ನು ನೆನಪಿಸಿದರೆ, ‘ನಾನು ಹಾಗೆ ಹೇಳಿಯೇ ಇಲ್ಲ, ನಿನಗೆ ಮರೆವು’ ಎಂದು ನಗುತ್ತಿದ್ದ, ನಾವೂ ನಗುತ್ತಿದ್ದೆವು. ಎಷ್ಟೋ ಸಲ ಅವನು ಹಾಗೆ ಹೇಳಿದುದನ್ನು ನಾನೇ ಕಿವಿಯಾರ ಕೇಳಿದ್ದೆ, ಆದರೂ ಸುಮ್ಮನಿದ್ದೆ. ಕೊನೆಕೊನೆಗೆ ಏನು ಕೇಳಿದರೂ ಆಕೆ, ‘ಅವರು ಹೇಳಿದ ಹಾಗೆಯೇ’ ಎನ್ನುತ್ತಿದ್ದರು. ಅದನ್ನು ನಾವು ದಾಂಪತ್ಯದ ಸಾಮರಸ್ಯವೆಂದು ಕೊಂಡಾಡಿದೆವು!

ಆ ಬಳಿಕ ಇಬ್ಸೆನ್ನನ ‘ಗೊಂಬೆಯ ಮನೆ’ (1879) ನಾಟಕವನ್ನು ಮತ್ತೆ ಓದಿದೆ. ಗಂಡನ ಪ್ರಾಣವುಳಿಸಲು ನೋರಾ ಗುಟ್ಟಾಗಿ ಸಾಲ ಮಾಡಿದವಳು. ಆ ಸಂಗತಿ ಬಯಲಾದಾಗ ಹೆಲ್ಮರನಿಗೆ ತೋರುವುದು ತನ್ನ ಮಾನವೊಂದೇ. ಅಪಾಯ ಕಳೆಯಿತೆಂಬ ಎರಡನೆಯ ಪತ್ರ ಬಂದಾಗ ಅವನು ಮೊದಲು ಹಿಗ್ಗುವುದೂ ತಾನು ಪಾರಾದೆನೆಂದೇ. ಅನಂತರ ಔದಾರ್ಯದಿಂದ ಅವಳನ್ನು ಕ್ಷಮಿಸುತ್ತಾನೆ! ತಾನಾಡಿದ ಕ್ರೂರವಾದ ಮಾತಿಗೆ ತಾನೇ ಕ್ಷಮೆ ಬೇಡಬೇಕೆಂದು ಅವನಿಗೆ ಹೊಳೆಯುವುದಿಲ್ಲ. ಪ್ಯಾಟ್ರಿಕ್ ಹ್ಯಾಮಿಲ್ಟನ್ನನ ‘ಗ್ಯಾಸ್ ಲೈಟ್’ (1938) ನಾಟಕದ ಗಂಡನಾದರೋ ಮನೆಯ ವಸ್ತುಗಳನ್ನು ತಾನೇ ಬಚ್ಚಿಟ್ಟು, ಹೆಂಡತಿಗೆ ಬುದ್ಧಿ ಕೆಡುತ್ತಿದೆಯೆಂದು ಅವಳನ್ನೇ ನಂಬಿಸುತ್ತಾನೆ. ಅವನು ತಿಳಿದೇ ವಂಚಿಸುವವನು. ನನ್ನ ಗೆಳೆಯನಿಗೆ ತನ್ನ ಮಾತು ಸುಳ್ಳೆಂಬ ಅರಿವೂ ಇರಲಿಲ್ಲವೇನೋ. ಕೇಳುವವರಿಗೆ ಮಾತ್ರ ಫಲ ಒಂದೇ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಇದನ್ನು ವ್ಯಕ್ತಿತ್ವದ ದೋಷವೆಂದು ತನ್ನ ರೋಗಸೂಚಿಯಲ್ಲಿ ಸೇರಿಸಿತು. ಈಗಿನ ಸೂಚಿಯಂತೆ 9 ಲಕ್ಷಣಗಳಲ್ಲಿ 5 ಆದರೂ, ಬಾಳಿನ ನಾನಾ ಸಂದರ್ಭಗಳಲ್ಲಿ, ನೆಲೆಯಾಗಿ ಕಾಣಬೇಕು. ಆ ನಿರ್ಣಯ ವೈದ್ಯರದು. ಒಂದು ದಿನದ ಸಿಡುಕಿಗೆ ರೋಗದ ಹೆಸರಿಡುವುದು ಅನ್ಯಾಯ. ಈ ದೋಷ ಗಂಡಂದಿರ ಸೊತ್ತೂ ಅಲ್ಲ. ಹೆಂಡತಿಯಲ್ಲಿ, ತಾಯಿತಂದೆಗಳಲ್ಲಿ, ನಮ್ಮಂಥ ಉಪಾಧ್ಯಾಯರಲ್ಲಿಯೂ ಇರಬಲ್ಲುದು. ಆದರೆ ನೆರೆಯವರಿಗೆ, ನೆಂಟರಿಗೆ, ಸ್ನೇಹಿತರಿಗೆ ರೋಗದ ಹೆಸರು ಬೇಕಿಲ್ಲ. ಈ ಮನೆಯಲ್ಲಿ ಯಾರ ದನಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆಯೆಂದು ಗಮನಿಸಿದರೆ ಸಾಕು.

ಗೆಳೆಯ ಈಗಿಲ್ಲ. ಕಳೆದ ವರ್ಷ ಆಕೆಯನ್ನು ಕಂಡಾಗ ಒಂದು ಪುಸ್ತಕದ ಬಗೆಗೆ ಅಭಿಪ್ರಾಯ ಕೇಳಿದೆ. ಬಹಳ ಹೊತ್ತು ಯೋಚಿಸಿ, ‘ನೀವು ಏನೆನ್ನುತ್ತೀರಿ?’ ಎಂದರು. ನಾನು ಹೇಳದೆ ಕಾದು ಕುಳಿತೆ. ಆ ಕೆಲಸವನ್ನು ನಾನು ಇಪ್ಪತ್ತು ವರ್ಷಗಳ ಹಿಂದೆಯೇ ಮಾಡಬೇಕಾಗಿತ್ತು.