ಗುಜರಿಗೆ ಹಾಕಿ ಅನ್ನೋ ಮೊದಲು

ಸ್ವಂತ ಮನೆಯಲ್ಲಿರುವವರು ಗೋಡೆಗೆ ಎಲ್ಲಿ ಬೇಕಾದರೂ ಮೊಳೆ ಹೊಡೆಯಬಹುದು. ದಿಲ್ಲಿಯಲ್ಲಿ ಬಾಡಿಗೆಗೆ ಇರುವವರಿಗೆ ಆ ಭಾಗ್ಯವಿಲ್ಲ. ಹನ್ನೊಂದು ತಿಂಗಳ ಕರಾರು, ಗೋಡೆಗೆ ತೂತು ಬಿದ್ದರೆ ಡಿಪಾಸಿಟ್ಟಿನಲ್ಲಿ ಕಡಿತ. ಇಂಟರ್‌ನೆಟ್ಟಿನ ಡಬ್ಬಿ ಹಾಲಿನ ಬಾಗಿಲ ಮೇಲೆ ಕೂತಿರುತ್ತೆ, ಕಂಪ್ಯೂಟರ್ ಒಳಗಿನ ರೂಮಿನಲ್ಲಿರುತ್ತೆ. ನಡುವೆ ತಂತಿ ಎಳೆಯೋ ಹಾಗಿಲ್ಲ. ಹಾಗಾಗಿ ವೈಫೈ ಅನ್ನೋದು ನಮಗೆ ಷೋಕಿಯಲ್ಲ, ಅದೇ ಗತಿ. ಆ ವೈಫೈ ಹಳೇ ಕಂಪ್ಯೂಟರಿಗೆ ಸಿಗದೇ ಹೋದ ದಿನ ಎಲ್ಲರ ಬಾಯಲ್ಲೂ ಒಂದೇ ಮಂತ್ರ: "ಹಳೇದಾಯ್ತು, ಗುಜರಿಗೆ ಹಾಕಿ, ಹೊಸದು ತಗೊಳ್ಳಿ." ಈ ಮಂತ್ರ ಅರ್ಧ ಅಜ್ಞಾನ, ಅರ್ಧ ವ್ಯಾಪಾರ ಅಂತ ನಾನು ಹೇಳುತ್ತೇನೆ.

ನಮ್ಮ ಗಲ್ಲಿಯಲ್ಲಿ ಹಾವೇರಿ ಕಡೆಯ ಹಿರಿಯರೊಬ್ಬರಿದ್ದಾರೆ. ಅವರ ಕಂಪ್ಯೂಟರು 2010ರದ್ದು. ಅದರಲ್ಲಿ ವಿಂಡೋಸ್ 7, ಹಿಂದುಗಡೆ ಹೆಬ್ಬೆರಳಿನಷ್ಟು ದೊಡ್ಡ ವೈಫೈ ಡಾಂಗಲ್. ಊರಿಗೆ ಬರೆದ ಕಾಗದಗಳು, ಜಮೀನಿನ ಲೆಕ್ಕ, ಮೊಮ್ಮಕ್ಕಳಿಗೆಂದು ಬರೆಯುತ್ತಿರುವ ಹಳೇ ನೆನಪುಗಳು, ಎಲ್ಲವೂ ನುಡಿ ತಂತ್ರಾಂಶದಲ್ಲಿ ಟೈಪ್ ಆಗಿ ಅದರೊಳಗಿವೆ. ಮನೆಯ ಮಾಲೀಕ ಹೊಸ ರೂಟರ್ ಹಾಕಿಸಿದ. ಎಲ್ಲರ ಫೋನಿಗೂ ನೆಟ್ ಸಿಕ್ಕಿತು. ಇವರ ಕಂಪ್ಯೂಟರಿನಲ್ಲಿ ಹೆಸರು ಕಾಣುತ್ತೆ, ಪಾಸ್‌ವರ್ಡ್ ಸರಿಯಾಗಿದೆ, ಆದರೂ ಕನೆಕ್ಟ್ ಆಗೋದಿಲ್ಲ. ಅಂಗಡಿಯವನಿಗೆ ಹೇಳಿದರೆ "ಅಂಕಲ್‌ಜೀ, ಯೇ ತೋ ಖತಮ್ ಹೈ" ಅಂದ. ಬೆಂಗಳೂರಿನಿಂದ ಮಗ ಫೋನಿನಲ್ಲೇ ತೀರ್ಪು ಕೊಟ್ಟ: "ಬಿಸಾಕಿ ಅಪ್ಪಾ, ಹೊಸದು ಕಳಿಸ್ತೀನಿ." ಯಂತ್ರವನ್ನು ಮುಟ್ಟಿ ನೋಡಿದವರು ಮಾತ್ರ ಒಬ್ಬರೂ ಇಲ್ಲ.

ಕಾಯಿಲೆ ಕಂಪ್ಯೂಟರಿನದ್ದೇ ಅಲ್ಲ. ವೈಫೈಗೆ ಹಾಕುವ ಬೀಗದ ಒಂದು ಪದ್ಧತಿ 2004ರಲ್ಲಿ ಬಂತು, ಅದಕ್ಕೆ ಡಬ್ಲ್ಯುಪಿಎ2 ಅಂತ ಹೆಸರು. 2018ರಲ್ಲಿ ಡಬ್ಲ್ಯುಪಿಎ3 ಬಂತು. ಹೊಸ ರೂಟರಿನಲ್ಲಿ ಹೊಸ ಬೀಗವನ್ನು ಮಾತ್ರ ಇಟ್ಟರೆ ಹಳೇ ಡಾಂಗಲ್ಲಿನ ಕೀಲಿ ಅದಕ್ಕೆ ಕೂಡೋದಿಲ್ಲ. ಎರಡೂ ಬೀಗ ನಡೆಯಲಿ ಅಂತ ರೂಟರಿನ ಸೆಟ್ಟಿಂಗ್ ಬದಲಾಯಿಸಿದರೆ ಕೂಡುತ್ತೆ. ಹತ್ತು ನಿಮಿಷದ ಕೆಲಸ, ಖರ್ಚು ಸೊನ್ನೆ. ಇಲ್ಲೂ ಆಗಿದ್ದು ಅಷ್ಟೇ.

ಬೇರೆ ಮನೆಗಳಲ್ಲಿ ಬೇರೆ ಕಾರಣ ಇರುತ್ತೆ. ರೂಟರಿನ ಹೆಸರೇ ಕಾಣದಿದ್ದರೆ ಅದು 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೂಗುತ್ತಿರಬಹುದು. ಹಳೇ ಡಾಂಗಲ್ಲುಗಳಲ್ಲಿ ಬಹಳಷ್ಟಕ್ಕೆ 2.4 ಬಿಟ್ಟು ಬೇರೇನೂ ಕೇಳಿಸೋದಿಲ್ಲ. ವೈಫೈ ಸಿಕ್ಕಿದರೂ ಒಂದು ಪುಟವೂ ತೆರೆಯದಿದ್ದರೆ ಮೊದಲು ತಾರೀಖು ನೋಡಿ. ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿ ಸತ್ತರೆ ಕಂಪ್ಯೂಟರಿನ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತೆ. ತಾರೀಖು ತಪ್ಪಿದ ಯಂತ್ರ ಸುರಕ್ಷಿತ ತಾಣಗಳನ್ನು ನಂಬೋದಿಲ್ಲ. ಡಾಂಗಲ್ಲೇ ಕೈಕೊಟ್ಟಿದ್ದರೆ, ಹಿಂಬದಿಯಲ್ಲಿ ತಂತಿ ಸಿಕ್ಕಿಸುವ ಕಿಂಡಿ ಇರುವ ಒಂದು ರಿಪೀಟರ್ ತಂದು ಕಂಪ್ಯೂಟರಿನ ಪಕ್ಕದ ಪ್ಲಗ್ಗಿಗೆ ಹಾಕಿ. ಅದು ಗಾಳಿಯಲ್ಲಿ ನೆಟ್ ಹಿಡಿದು ಒಂದು ಮೊಳದ ತಂತಿಯಲ್ಲಿ ಕಂಪ್ಯೂಟರಿಗೆ ಕೊಡುತ್ತೆ. ಗೋಡೆಗೆ ತೂತು ಬೇಡ, ಡ್ರೈವರಿನ ಸಿಡಿ ಹುಡುಕೋದೂ ಬೇಡ. ಇವುಗಳಲ್ಲಿ ಯಾವುದಕ್ಕೆ ಹೊಸ ಕಂಪ್ಯೂಟರ್ ಬೇಕು, ಹೇಳಿ?

"ಹಳೇ ಕಂಪ್ಯೂಟರ್ ನೆಟ್ಟಿಗೆ ಹಾಕೋದು ಅಪಾಯ ಅಲ್ವೇನ್ರೀ?" ಅಂತ ತಿಳಿದವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ. ಅವುಗಳಲ್ಲಿ ಬ್ಯಾಂಕಿನ ವ್ಯವಹಾರ ಮಾಡಿ ಅಂತ ನಾನು ಯಾರಿಗೂ ಹೇಳೋದಿಲ್ಲ. ಆದರೆ ಅಪಾಯ ಇರೋದು ಒಳಗಿನ ತಂತ್ರಾಂಶದಲ್ಲಿ, ಕಬ್ಬಿಣದ ಪೆಟ್ಟಿಗೆಯಲ್ಲಲ್ಲ. ಅದೇ ಪೆಟ್ಟಿಗೆಗೆ ಲಿನಕ್ಸ್ ಹಾಕಿಕೊಂಡು ನೆಟ್ಟಿನ ಕೆಲಸವನ್ನೆಲ್ಲ ಅದರಲ್ಲೇ ಮಾಡಬಹುದು. ಅದಕ್ಕೆ ದುಡ್ಡಿಲ್ಲ, ಕನ್ನಡ ಯೂನಿಕೋಡ್ ಟೈಪಿಂಗ್ ಸೌಲಭ್ಯವೂ ಇದೆ. ಹಳೇ ವಿಂಡೋಸನ್ನು ನೆಟ್ ಇಲ್ಲದೆ ಪಕ್ಕದಲ್ಲಿ ಉಳಿಸಿಕೊಳ್ಳಿ. ಅದನ್ನು ಉಳಿಸಿಕೊಳ್ಳಲೇಬೇಕು, ಯಾಕೆಂದರೆ ಹಳೇ ನುಡಿ ಫೈಲುಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿ. ಅವನ್ನು ಯೂನಿಕೋಡಿಗೆ ಬದಲಾಯಿಸಿ ಇನ್ನೊಂದು ಕಡೆ ಇಡುವ ಮೊದಲೇ ಪೆಟ್ಟಿಗೆಯನ್ನು ಗುಜರಿಗೆ ಕೊಟ್ಟರೆ ಹೋಗೋದು ತಗಡಲ್ಲ, ಒಬ್ಬ ಮನುಷ್ಯ ವರ್ಷಗಟ್ಟಲೆ ಕೂತು ಬರೆದದ್ದು.

ಈ ಮಾತು ಹಳೇ ತಲೆಗಳಿಗೆ ಮಾತ್ರ ಅಂದುಕೊಳ್ಳಬೇಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲವೂ ನಿಂತಿತು. ವಿಂಡೋಸ್ 11 ಬೇಕಾದರೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಯಂತ್ರದಲ್ಲಿ ಇರಬೇಕು, ಪ್ರೊಸೆಸರೂ ಅವರ ಪಟ್ಟಿಯಲ್ಲಿರಬೇಕು. ಚೆನ್ನಾಗಿ ಓಡುತ್ತಿರುವ ಎಷ್ಟೋ ಕಂಪ್ಯೂಟರುಗಳು ಈ ಪರೀಕ್ಷೆಯಲ್ಲಿ ಫೇಲು. ಯಂತ್ರ ಕೆಡದಿದ್ದರೂ ಅದು ಕೆಟ್ಟಿದೆ ಅಂತ ಸಾರುವ ಅಧಿಕಾರ ಮಾರುವವನ ಕೈಯಲ್ಲಿದೆ, ತೆರುವವನ ಕೈಯಲ್ಲಿಲ್ಲ.

ಬಿಸಾಕಿದ್ದು ಎಲ್ಲಿಗೆ ಹೋಗುತ್ತೆ ಅಂತಲೂ ಯೋಚಿಸಿ. ದಿಲ್ಲಿಯ ಈಶಾನ್ಯ ಮೂಲೆಯಲ್ಲಿ ಸೀಲಂಪುರ ಅಂತ ಒಂದು ಜಾಗವಿದೆ. ಅಲ್ಲಿನ ಗಲ್ಲಿಗಳಲ್ಲಿ ಕಂಪ್ಯೂಟರುಗಳನ್ನು ಬರಿಗೈಯಲ್ಲಿ ಒಡೆದು ತಾಮ್ರ, ತಗಡು ಬಿಡಿಸಿ ಹೊಟ್ಟೆ ಹೊರೆಯುವ ಬಡವರಿದ್ದಾರೆ. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಗೆ ಬಂದು, ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಕಾಗದದ ಮೇಲೆ ಚೆನ್ನಾಗಿದೆ. ನಮ್ಮ ಗಲ್ಲಿಗೆ ಬರುವವನು ಮಾತ್ರ ಇವತ್ತಿಗೂ ಸೈಕಲ್ ಗಾಡಿಯ ಕಬಾಡಿಯವನೇ.

ಊರಲ್ಲಿರುವ ನಿಮಗೆ ನನ್ನ ತಕರಾರು ಇಷ್ಟು. ದಿಲ್ಲಿಯಲ್ಲೋ ಪುಣೆಯಲ್ಲೋ ಇರುವ ಅಪ್ಪ, ಚಿಕ್ಕಪ್ಪ, ಅತ್ತಿಗೆ "ಕಂಪ್ಯೂಟರಿಗೆ ವೈಫೈ ಸಿಗ್ತಿಲ್ಲ" ಅಂತ ಫೋನ್ ಮಾಡಿದರೆ ಹೊಸದರ ಬೆಲೆ ಹೇಳಬೇಡಿ. ಹೆಸರು ಕಾಣುತ್ತಾ? ಪಾಸ್‌ವರ್ಡ್ ಒಪ್ಪುತ್ತಾ? ತಾರೀಖು ಸರಿಯಿದೆಯಾ? ಈ ಮೂರು ಪ್ರಶ್ನೆ ಕೇಳಿ, ಉತ್ತರ ಬರೋ ತನಕ ತಾಳ್ಮೆಯಿಂದಿರಿ. ಅಂಗಡಿಯವನು ಕೆಟ್ಟಿದೆ ಅಂದರೆ ಯಾವ ಭಾಗ ಕೆಟ್ಟಿದೆ ಅಂತ ಚೀಟಿಯಲ್ಲಿ ಬರೆಸಿಕೊಳ್ಳಲು ಹೇಳಿ. ಬಾಯಲ್ಲಿ "ಖತಮ್" ಅನ್ನೋದು ಸುಲಭ. ಅದನ್ನೇ ಬರೆದು ಸಹಿ ಹಾಕಬೇಕು ಅಂದಾಗ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಾರೆ.