ಪಶ್ಚಿಮಸೀಮೆಯ ಕಥೆಯನ್ನು ಯಾರು ಹೇಳಬೇಕು?

ಚಲಚ್ಚಿತ್ರದ ವಿಷಯವು ಈ ಪುಟಕ್ಕೆ ತಕ್ಕುದಲ್ಲವೆಂದು ಭಾವಿಸುವ ಹಿರಿಯರು ನಮ್ಮ ವಾಚಕರಲ್ಲಿ ಕೆಲವರಿರಬಹುದು. ಅವರ ಕ್ಷಮೆ ಬೇಡಿ ಇಂದು ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ. ‘ವೆಸ್ಟರ್ನ್’ ಎಂದು ಹೆಸರಾದ ಅಮೆರಿಕದ ಪಶ್ಚಿಮಸೀಮೆಯ ಚಿತ್ರಗಳನ್ನು ತೆಗೆಯಲು ಯೋಗ್ಯರಾದ ದಿಗ್ದರ್ಶಕರು ಯಾರು? ಚಿತ್ರಪ್ರಿಯರು ಕೂಡಿದೆಡೆಯಲ್ಲಿ ಈ ಮಾತು ಬಂದೊಡನೆ, ಬಂದೂಕಿನ ಕಾಳಗವನ್ನು ರಂಗೇರಿಸಿ ತೋರಿಸಬಲ್ಲವರ ಹೆಸರುಗಳು ಒಂದರ ಹಿಂದೊಂದು ಬರತೊಡಗುತ್ತವೆ. ಪ್ರಶ್ನೆಯು ವಿನೋದದ್ದೆಂದು ತೋರಿದರೂ ವಾಸ್ತವವಾಗಿ ಹಾಗಲ್ಲ. ಒಂದು ಜನದ ನೆಲವು ಇನ್ನೊಂದು ಜನದ ಕೈಸೇರಿದ ವೃತ್ತಾಂತವನ್ನು ಜಗತ್ತು ಯಾರ ಬಾಯಿಂದ ಕೇಳಬೇಕೆಂಬುದು ಅದರೊಳಗೆ ಅಡಗಿದೆ.

ಕುದುರೆ, ಅಗಲವಾದ ಟೋಪಿ, ಪಿಸ್ತೂಲು ಇವು ಈ ಚಿತ್ರಗಳ ಉಡುಪು ಮಾತ್ರ. ಅವುಗಳ ಜೀವವಿರುವುದು ನೆಲದ ಹಕ್ಕಿನಲ್ಲಿ. 1862ರ ಹೋಮ್‌ಸ್ಟೆಡ್ ಶಾಸನದ ಮೇರೆಗೆ, ಐದು ವರ್ಷ ನೆಲಸಿ ಸಾಗುವಳಿ ಮಾಡಿದವನಿಗೆ 160 ಎಕರೆಗಳವರೆಗೆ ಭೂಮಿ ದೊರೆಯುತ್ತಿತ್ತು. ದರಖಾಸ್ತಿನ ಕಾಗದಪತ್ರಗಳಲ್ಲಿ ಪಳಗಿದ ನಮ್ಮ ರೆವಿನ್ಯೂ ಅಧಿಕಾರಿಗಳು ಒಡನೆಯೇ ಕೇಳುವರು: ಕೊಡುವ ಮುಂಚೆ ಆ ಭೂಮಿ ಯಾರದಾಗಿತ್ತು? ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಗಡಿಸೀಮೆಯ ರೇಖೆಯೆಂಬುದು ಇನ್ನು ಉಳಿದಿಲ್ಲವೆಂದು ಸಾರಿದುದು 1890ರ ಖಾನೇಷುಮಾರಿ. ಅದೇ ವರ್ಷದ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಲಕೋಟಾ ಜನರನ್ನು, ಹೆಂಗಸರು ಮಕ್ಕಳೆನ್ನದೆ, ಅಮೆರಿಕದ ಸೈನ್ಯವು ಕೊಂದಿತು. ಅಲ್ಲಿನ ಮೂಲನಿವಾಸಿಗಳೆಲ್ಲರಿಗೂ ಅವರ ದೇಶದಲ್ಲಿಯೇ ಪೌರತ್ವ ದೊರೆತದ್ದು 1924ರಲ್ಲಿ.

ಈ ಬಗೆಯ ಚಿತ್ರಗಳಿಗೆ ಗುರುಸ್ಥಾನದಲ್ಲಿರುವ ಜಾನ್ ಫೋರ್ಡ್ ಮಹಾಶಯರ ಪ್ರತಿಭೆಯನ್ನು ನಾವು ಅಲ್ಲಗಳೆಯುವವರಲ್ಲ. ಆಕಾಶದ ಕೆಳಗೆ ಮನುಷ್ಯನು ಎಷ್ಟು ಅಲ್ಪನೆಂಬುದನ್ನು ಅವರಂತೆ ತೋರಿಸಿದವರು ವಿರಳ. 1939ರ ‘ಸ್ಟೇಜ್‌ಕೋಚ್’ ಮೊದಲ್ಗೊಂಡು ಅವರು ಮತ್ತೆ ಮತ್ತೆ ಹೋದ ಮಾನ್ಯುಮೆಂಟ್ ವ್ಯಾಲಿಯು ನವಾಹೋ ಜನರ ನಾಡು. 1956ರ ‘ದಿ ಸರ್ಚರ್ಸ್’ ಚಿತ್ರದಲ್ಲಿ ಅದೇ ಕಣಿವೆಯು ಟೆಕ್ಸಾಸ್ ಆಯಿತು. ನವಾಹೋ ಜನರು ಕೂಲಿ ಪಡೆದು ಕಮಾಂಚಿಗಳಾದರು. ಕಮಾಂಚಿಗಳ ನಾಯಕನಾದರೋ ಬರ್ಲಿನ್ನಿನಲ್ಲಿ ಹುಟ್ಟಿದ ಹೆನ್ರಿ ಬ್ರ್ಯಾಂಡನ್ ಎಂಬ ನಟ! ತಮ್ಮ ನೆಲದ ಮೇಲೆಯೇ ನಿಂತು, ಬೇರೆಯವರ ಹೆಸರಿನಲ್ಲಿ, ಗುಂಡೇಟಿಗೆ ಉರುಳುವ ಕೆಲಸ ಆ ಜನಕ್ಕೆ ಬಂದಿತು. ಫೋರ್ಡರಿಗೆ ಮುಪ್ಪಿನಲ್ಲಿ ಈ ವಿಷಯದಲ್ಲಿ ಮನಸ್ಸು ಚುಚ್ಚಿದಂತೆ ತೋರುತ್ತದೆ. 1964ರಲ್ಲಿ ಶಯೆನ್ ಜನರ ಸಂಕಟವನ್ನೇ ವಸ್ತುವಾಗಿಟ್ಟು ‘ಶಯೆನ್ ಆಟಮ್’ ತೆಗೆದರು. ಆದರೆ ಆಗಲೂ ಪ್ರಮುಖ ಶಯೆನ್ ಪಾತ್ರಗಳು ಮೆಕ್ಸಿಕೋದಲ್ಲಿ ಹುಟ್ಟಿದ ನಟರ ಪಾಲಿಗೇ ಹೋದವು.

ಹಾಗಾದರೆ ಪರದೇಶದವರು ಈ ಕೆಲಸಕ್ಕೆ ಕೈಯಿಡಬಾರದೆ? ಅಂಥ ವಾದವು ನಿಲ್ಲಲಾರದು. 1952ರ ‘ಹೈ ನೂನ್’ ಚಿತ್ರದ ಫ್ರೆಡ್ ಝಿನ್ನೆಮನ್ನರು ಯೂರೋಪಿನಿಂದ ಬಂದವರು. ಕೊಲೆಗಾರರು ಬರುವ ಹೊತ್ತಿಗೆ ಊರಿನ ದೊಡ್ಡ ಮನುಷ್ಯರೆಲ್ಲ ಒಬ್ಬೊಬ್ಬರಾಗಿ ಮಾರ್ಷಲನ ಕೈಬಿಡುವುದನ್ನು ಅವರು ತೋರಿಸಿದ ರೀತಿಯನ್ನು, ಸರ್ಕಾರಿ ಚಾಕರಿಯಲ್ಲಿರುವ ಯಾರೂ ಮರೆಯಲಾರರು. ಇಟಲಿಯ ಸೆರ್ಜಿಯೋ ಲಿಯೋನಿಯವರು ಜಪಾನಿನ ಕುರೊಸಾವಾರ ‘ಯೋಜಿಂಬೊ’ದಿಂದ ಕಥೆಯನ್ನು ಎತ್ತಿಕೊಂಡು 1964ರಲ್ಲಿ ಕೀರ್ತಿ ಪಡೆದರು, ಎತ್ತಿಕೊಂಡದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಅವರ ದೊಡ್ಡ ಕೃತಿ ಅದಲ್ಲ. 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ನಲ್ಲಿ ರೈಲು ಹಾಯಲಿರುವ ಒಂದು ನೀರಿನ ನೆಲೆಗಾಗಿ ಒಂದು ಕುಟುಂಬವೇ ಕೊಲೆಯಾಗುತ್ತದೆ. ಮೋಜಣಿಯ ಸರಪಳಿಯು ಪಿಸ್ತೂಲಿಗಿಂತ ದೂರ ಮುಟ್ಟುವುದೆಂಬುದನ್ನು ಆ ಪರದೇಶಿಯರು ಕಂಡುಕೊಂಡಿದ್ದರು. ಇತ್ತೀಚಿನ ಟ್ಯಾರಂಟಿನೋರವರ ಚಾತುರ್ಯ ದೊಡ್ಡದು; ಆದರೆ ಅವರ ಪಶ್ಚಿಮಸೀಮೆಯು ಹಳೆಯ ಚಿತ್ರಗಳನ್ನು ನೋಡಿ ಕಲಿತದ್ದೇ ಹೊರತು ನೆಲವನ್ನು ನೋಡಿ ಕಲಿತದ್ದೆಂದು ನಮಗೆ ತೋರಲಿಲ್ಲ.

ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದು 1975ರಲ್ಲಿ ಬಂದ ‘ಶೋಲೆ’ಯನ್ನು ಇಲ್ಲಿ ನೆನೆಯದಿದ್ದರೆ ವಾಚಕರು ಮುನಿದಾರು. ಅದನ್ನು ಮೆಚ್ಚಿ ನೋಡಿದವರಲ್ಲಿ ನಾವೂ ಸೇರಿದವರು. ಆದರೆ ಠಾಕೂರರ ಭೂಮಿ ಠಾಕೂರರಿಗೆ ಎಲ್ಲಿಂದ ಬಂದಿತೆಂದು ಆ ಚಿತ್ರದಲ್ಲಿ ಯಾರೂ ಕೇಳುವುದಿಲ್ಲ.

ಕೇಳಿದವರು ಬೇರೆ ಕಡೆ ಇದ್ದಾರೆ. ಅಮೆರಿಕದ ಕೆಲ್ಲಿ ರೈಕಾರ್ಟ್ ಎಂಬ ಮಹಿಳೆಯು 2010ರ ‘ಮೀಕ್ಸ್ ಕಟಾಫ್’ನಲ್ಲಿ, 1845ರಲ್ಲಿ ದಾರಿತಪ್ಪಿ ನೀರಿಗೆ ಬಾಯಾರಿದ ವಲಸೆಗಾರರನ್ನು ತೋರಿಸಿದ್ದಾರೆ. ಅವರ ಕೈಗೆ ಸಿಕ್ಕ ಮೂಲನಿವಾಸಿಯೊಬ್ಬನು ಮಾತನಾಡುತ್ತಾನೆ. ಆತನ ಮಾತಿಗೆ ಭಾಷಾಂತರವನ್ನು ಆಕೆ ಕೊಡಲಿಲ್ಲ. ಬಂದವರಿಗೆ ತಿಳಿಯದ್ದು ನೋಡುವವರಿಗೂ ತಿಳಿಯದೆ ಉಳಿಯುತ್ತದೆ. 2019ರ ‘ಫಸ್ಟ್ ಕೌ’ನಲ್ಲಿ ಆ ಸೀಮೆಗೆಲ್ಲ ಮೊದಲನೆಯದಾದ ಒಂದೇ ಹಸುವಿನ ಹಾಲನ್ನು ಇಬ್ಬರು ಬಡವರು ರಾತ್ರಿ ಕದ್ದು ಕರೆಯುವುದೇ ಕಥೆ. ಸ್ವತ್ತು ಎಂಬುದು ಒಂದು ಹೊಸ ನಾಡಿಗೆ ಕಾಲಿಡುವ ಬಗೆಯನ್ನು ಇಷ್ಟು ಸರಳವಾಗಿ ಹೇಳಿದವರಿಲ್ಲ.

ಆಸ್ಟ್ರೇಲಿಯದ ಮೂಲನಿವಾಸಿಯಾದ ವಾರಿಕ್ ಥಾರ್ನ್‌ಟನ್ನರ ‘ಸ್ವೀಟ್ ಕಂಟ್ರಿ’ಯನ್ನು ಕುರಿತು ನಾವು ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇವೆ. 2017ರ ಈ ಚಿತ್ರದ ಕಾಲ 1929. ದನದ ಹಟ್ಟಿಗಳಲ್ಲಿ ದುಡಿಯುವ ಸ್ಯಾಮ್ ಕೆಲ್ಲಿ ಎಂಬ ಮೂಲನಿವಾಸಿಯು, ಯುದ್ಧದಿಂದ ಮರಳಿ ಬುದ್ಧಿಗೆಟ್ಟ ಬಿಳಿಯನೊಬ್ಬನನ್ನು ಆತ್ಮರಕ್ಷಣೆಗಾಗಿ ಕೊಂದು, ಹೆಂಡತಿಯೊಡನೆ ಮರುಭೂಮಿಗೆ ಓಡುತ್ತಾನೆ. ಅತ್ತ ಊರಿನಲ್ಲಿ ಸಂಚಾರಿ ಚಿತ್ರದವನೊಬ್ಬನು 1906ರ ಹಳೆಯ ಮೂಕಚಿತ್ರವನ್ನು ತೋರಿಸುತ್ತಾನೆ. ಅದು ನೆಡ್ ಕೆಲ್ಲಿ ಎಂಬ ಬಿಳಿಯ ದರೋಡೆಗಾರನ ಚರಿತ್ರೆ. ಅವನನ್ನು ಮೆಚ್ಚಿ ನೋಡುವ ಊರೇ ಇತ್ತ ಕರಿಯ ಕೆಲ್ಲಿಯ ಕೊರಳಿಗೆ ಹಗ್ಗ ಹೊಸೆಯುತ್ತದೆ. ಕಡೆಗೆ ನ್ಯಾಯಾಧೀಶನು ಬರುತ್ತಾನೆ, ಬಯಲಿನಲ್ಲಿ ಕುರ್ಚಿ ಹಾಕಿ ವಿಚಾರಣೆ ನಡೆಯುತ್ತದೆ, ಆರೋಪಿಯು ನಿರ್ದೋಷಿಯೆಂದು ತೀರ್ಪಾಗುತ್ತದೆ. ತೀರ್ಪಿನ ತರುವಾಯ ದಾರಿಯಲ್ಲಿ ಆತನನ್ನು ಯಾರೋ ಗುಂಡಿಟ್ಟು ಕೊಲ್ಲುತ್ತಾರೆ. ಕಾನೂನು ಬಂದಿತೆಂದರೆ ನ್ಯಾಯವೂ ಬಂದಂತಾಯಿತೆ ಎಂಬ ಪ್ರಶ್ನೆಯನ್ನು ಅಮೆರಿಕದ ಚಿತ್ರಗಳು ಹಲವು ಬಾರಿ ಮುಟ್ಟಿ ಬಿಟ್ಟಿವೆ. ಕಾನೂನಿನ ಹೊಡೆತವನ್ನು ಉಂಡವರ ಕಡೆಯಿಂದ ಬಂದ ಈ ದಿಗ್ದರ್ಶಕರು ಅದನ್ನು ಬಿಡಲಿಲ್ಲ.

ಕೆನಡಾದ ಉತ್ತರತುದಿಯ ಜಕರಾಯಸ್ ಕುನುಕ್ ಇನ್ನೂ ಮುಂದೆ ಹೋದರು. 2016ರಲ್ಲಿ ಫೋರ್ಡರ ‘ಸರ್ಚರ್ಸ್’ ಕಥೆಯನ್ನೇ ಹಿಮದ ಬಯಲಿಗೆ ಒಯ್ದು, ಇನುಯಿಟ್ ಜನರಿಂದಲೇ, ಅವರ ಭಾಷೆಯಲ್ಲೇ, ನಾಯಿಬಂಡಿಗಳೊಡನೆ ಆಡಿಸಿದರು. ಅದರಲ್ಲಿ ಬಿಳಿಯ ರಕ್ಷಕನೂ ಇಲ್ಲ, ಮಾತಿಲ್ಲದ ಮೂಲನಿವಾಸಿಯೂ ಇಲ್ಲ.

ಜನ್ಮವೊಂದೇ ಯೋಗ್ಯತೆಯೆ ಎಂದು ಕೆಲವರು ಆಕ್ಷೇಪಿಸಬಹುದು. ಅಲ್ಲ. ಪೀಕಿಂಗಿನಲ್ಲಿ ಹುಟ್ಟಿದ ಕ್ಲೋಯಿ ಝಾವೋ 2017ರ ‘ದಿ ರೈಡರ್’ನಲ್ಲಿ, ಬಿದ್ದು ತಲೆಗೆ ಪೆಟ್ಟಾದ ಲಕೋಟಾ ಸವಾರನ ಕಥೆಯನ್ನು ಅಂಥ ಸವಾರನಿಂದಲೇ ಆಡಿಸಿ ಗೆದ್ದರು. ಕೆವಿನ್ ಕಾಸ್ಟ್ನರರು 1990ರಲ್ಲಿ ಲಕೋಟಾ ಭಾಷೆಯನ್ನು ಪರದೆಯ ಮೇಲೆ ಕೇಳಿಸಿ ಏಳು ಆಸ್ಕರ್ ಪಾರಿತೋಷಕಗಳನ್ನು ಪಡೆದರೂ, ಕಥೆಯ ನಡುವೆ ನಿಂತವರು ತಾವೇ. ಇಬ್ಬರಲ್ಲಿ ಕಥೆಯನ್ನು ಅದರ ಒಡೆಯರಿಗೆ ಬಿಟ್ಟುಕೊಟ್ಟವರು ಯಾರೆಂಬುದನ್ನು ವಾಚಕರೇ ನಿರ್ಣಯಿಸಲಿ.

ನಮ್ಮನ್ನು ಕೇಳಿದರೆ, ಮುಂದಿನ ದೊಡ್ಡ ವೆಸ್ಟರ್ನಿನ ಹಣವನ್ನು ಒಕ್ಲಹೋಮದ ಸ್ಟರ್ಲಿನ್ ಹಾರ್ಜೋರವರ ಕೈಗೆ ಕೊಡಬೇಕು. 2021ರಿಂದ 2023ರವರೆಗೆ ನಡೆದ ‘ರೆಸರ್ವೇಷನ್ ಡಾಗ್ಸ್’ ಧಾರಾವಾಹಿಯಲ್ಲಿ ಅವರು ತಮ್ಮ ಜನರ ದುಃಖವನ್ನೂ ನಗುವನ್ನೂ ಒಂದೇ ಕೈಯಲ್ಲಿ ತೂಗಿ ತೋರಿಸಿದ್ದಾರೆ. ಸೆಮಿನೋಲ್ ಮತ್ತು ಮಸ್ಕೋಗಿ ಪರಂಪರೆಗೆ ಸೇರಿದ ಅವರಿಗೆ ವಸ್ತುವೂ ಸಿದ್ಧವಾಗಿದೆ. 1889ರ ಏಪ್ರಿಲ್ 22ರ ಮಧ್ಯಾಹ್ನ, ಆ ಎರಡು ಜನಗಳಿಂದಲೇ ಬಿಡಿಸಿಕೊಂಡ ಸುಮಾರು 20 ಲಕ್ಷ ಎಕರೆ ಭೂಮಿಗೆ, ಸಂಕೇತವಾದೊಡನೆ ಹತ್ತಾರು ಸಾವಿರ ಜನ ಕುದುರೆ ಗಾಡಿಗಳಲ್ಲಿ ನುಗ್ಗಿ ಗೂಟ ನೆಟ್ಟರು. ಹಾಲಿವುಡ್ ಆ ಓಟವನ್ನು ‘ಸಿಮರಾನ್’ ಎಂಬ ಹೆಸರಿನಲ್ಲಿಯೇ 1931ರಲ್ಲೊಮ್ಮೆ, 1960ರಲ್ಲೊಮ್ಮೆ ತೆಗೆಯಿತು. ಎರಡು ಸಲವೂ ಕ್ಯಾಮರಾ ಓಡುವವರ ಜೊತೆಗೇ ಓಡಿತು. ಹಾರ್ಜೋರವರು ಅದನ್ನು ಬಯಲಿನ ಇನ್ನೊಂದು ತುದಿಯಲ್ಲಿ, ಧೂಳು ಹತ್ತಿರವಾಗುವುದನ್ನು ನೋಡುತ್ತ ನಿಂತವರ ಪಕ್ಕದಲ್ಲಿ ನಿಲ್ಲಿಸಲಿ.