ವಿಮಾನ ಹತ್ತುವ ಮೊದಲು ಕೇಳಬೇಕಾದ ಪ್ರಶ್ನೆ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ತಾಯಿಗೆ ಪ್ರಯಾಣ ವಿಮೆ ಮಾಡಿಸುವುದು ಕೆಲವೇ ನಿಮಿಷಗಳ ಕೆಲಸ. ಮಗಳೋ ಅಳಿಯನೋ ವಯಸ್ಸು, ಪಾಸ್‌ಪೋರ್ಟ್ ಸಂಖ್ಯೆ ತುಂಬಿ, ‘ಮೊದಲಿನಿಂದ ಇರುವ ಕಾಯಿಲೆ’ ಎಂಬಲ್ಲಿ ‘ಇಲ್ಲ’ ಎಂದು ಒತ್ತಿ ಹಣ ಕಟ್ಟುತ್ತಾರೆ. ವಂಚಿಸುವ ಉದ್ದೇಶದಿಂದಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಬಿಪಿ, ಶುಗರ್‌ಗಳನ್ನು ಕಾಯಿಲೆಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ತಿಂಡಿಯ ಜೊತೆ ನುಂಗುವ ಮಾತ್ರೆ, ಅಷ್ಟೆ. ಆದರೆ ಅಲ್ಲಿ ಎದೆನೋವು ಬಂದು ಐಸಿಯು ಸೇರಿದರೆ, ಕ್ಲೇಮ್ ತಿರಸ್ಕರಿಸಲು ಆ ಮಾತ್ರೆಯೇ ಕಾರಣವಾಗಬಹುದು. ಪಾಲಿಸಿ ಮಾರುವಾಗ ಕೇಳದಿದ್ದ ಊರಿನ ಡಾಕ್ಟರ ಹಳೆಯ ಚೀಟಿಗಳನ್ನೆಲ್ಲ ಕಂಪನಿ ಆಗ ಕೇಳತೊಡಗುತ್ತದೆ. ಈ ಕ್ರಮ ತಲೆಕೆಳಗಾಗಿದೆ. ಆರೋಗ್ಯದ ವಿಚಾರಣೆ ನಡೆಯಬೇಕಾದದ್ದು ಹಣ ಪಡೆಯುವ ಮೊದಲು.

ಸುಪ್ರೀಂ ಕೋರ್ಟ್ 2021ರ ಡಿಸೆಂಬರ್ 6ರಂದು ನೀಡಿದ ತೀರ್ಪೊಂದು ಇದನ್ನೇ ಎತ್ತಿ ಹಿಡಿದಿದೆ. 2009ರಲ್ಲಿ ಮದುವೆಗೆಂದು ಅಮೆರಿಕಕ್ಕೆ ಹೋದ ಪ್ರಯಾಣಿಕರೊಬ್ಬರಿಗೆ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲೇ ಹೃದಯಾಘಾತವಾಯಿತು, ಸ್ಟೆಂಟ್ ಹಾಕಬೇಕಾಯಿತು. ಮಧುಮೇಹ ಇರುವುದನ್ನು ಅವರು ಮೊದಲೇ ತಿಳಿಸಿದ್ದರು, ವೈದ್ಯಕೀಯ ತಪಾಸಣೆಯೂ ಆಗಿತ್ತು. ಆದರೂ ಕೊಲೆಸ್ಟರಾಲ್ ಮಾತ್ರೆಯ ವಿಷಯ ಮುಚ್ಚಿಟ್ಟರೆಂದು ಕ್ಲೇಮ್ ನಿರಾಕರಿಸಲಾಯಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಬರೆದ ತೀರ್ಪು ಹೇಳಿದ್ದು ಇದು: ಆರೋಗ್ಯಸ್ಥಿತಿ ತಿಳಿದು ಪಾಲಿಸಿ ಕೊಟ್ಟ ಮೇಲೆ ಅದೇ ಸ್ಥಿತಿಯನ್ನು ಕಾರಣವಾಗಿಸಿ ಕ್ಲೇಮ್ ತಳ್ಳಿಹಾಕುವಂತಿಲ್ಲ, ಅರ್ಜಿಯಲ್ಲಿ ಖಾಲಿ ಬಿಟ್ಟ ಜಾಗವನ್ನು ನೋಡಿಯೂ ಪ್ರೀಮಿಯಂ ಪಡೆದ ಕಂಪನಿ ಆಮೇಲೆ ‘ಮುಚ್ಚಿಟ್ಟಿರಿ’ ಎನ್ನುವಂತಿಲ್ಲ. ನ್ಯಾಯ ಸಿಕ್ಕಿತು ನಿಜ, ಆದರೆ ಹನ್ನೆರಡು ವರ್ಷದ ಮೇಲೆ. ಆಸ್ಪತ್ರೆಯ ಬಿಲ್ಲು ಅಷ್ಟು ಕಾಲ ಕಾಯುವುದಿಲ್ಲ.

ಊರಿನಲ್ಲಿ ಬಳಸುವ ಆರೋಗ್ಯ ವಿಮೆಗೆ ಕಾಲವೇ ಒಂದು ರಕ್ಷಣೆ. ಸತತ ಐದು ವರ್ಷ ಪಾಲಿಸಿ ನಡೆಸಿದವರ ಕ್ಲೇಮನ್ನು, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ನಿರಾಕರಿಸುವಂತಿಲ್ಲ. ಕೆಲವೇ ವಾರ, ತಿಂಗಳು ಬಾಳುವ ಪ್ರಯಾಣ ವಿಮೆಗೆ ಈ ನೆರಳು ಎಂದೂ ಸಿಗದು. ಆದ್ದರಿಂದಲೇ ಅಲ್ಲಿ ಮೊದಲ ದಿನದ ಪ್ರಶ್ನೆಗೆ ಇಷ್ಟು ತೂಕ.

ಜನ ಬೇಕೆಂದೇ ಸುಳ್ಳು ಹೇಳುತ್ತಾರಲ್ಲ ಎಂಬ ಆಕ್ಷೇಪವಿದೆ. ಹೇಳುವವರಿದ್ದಾರೆ, ಅವರ ಪರವಾಗಿ ವಾದಿಸಲು ನಾನು ಸಿದ್ಧನಿಲ್ಲ. ತಿಳಿದದ್ದನ್ನು ತಿಳಿಸುವುದು ವಿಮೆ ಮಾಡಿಸುವವರ ಕರ್ತವ್ಯ. ಆದರೆ ವಂಚಕನನ್ನೂ ತಿಳಿಯದವನನ್ನೂ ಬೇರೆ ಮಾಡಬೇಕಾದರೆ ಪ್ರಶ್ನೆ ಅರ್ಥವಾಗುವಂತೆ ಇರಬೇಕು. ಇನ್ನು, ಎಲ್ಲರನ್ನೂ ತಪಾಸಣೆ ಮಾಡಿದರೆ ಪ್ರೀಮಿಯಂ ಏರುತ್ತದೆ ಎಂಬುದು ಗಟ್ಟಿಯಾದ ಮಾತು. ಇಪ್ಪತ್ತೈದರ ಹುಡುಗನನ್ನು ಲ್ಯಾಬಿಗೆ ಕಳಿಸಬೇಕಾಗಿಲ್ಲ. ಅರವತ್ತು ದಾಟಿದವರಿಗೆ ಒಂದು ಫೋನ್ ಕರೆ, ಕನ್ನಡದಲ್ಲಿ, ಧ್ವನಿಮುದ್ರಣದೊಂದಿಗೆ ಸಾಕು. ಉತ್ತರ ಕೇಳಿದ ಮೇಲೆ ಕಂಪನಿ ಪ್ರೀಮಿಯಂ ಹೆಚ್ಚಿಸಲಿ, ಹೃದಯದ ಚಿಕಿತ್ಸೆ ಇದರಲ್ಲಿ ಸೇರದು ಎಂದೇ ಹೇಳಲಿ. ಆಗ ತಾಯಿಗೆ ಬೇರೆ ಪಾಲಿಸಿ ಹುಡುಕಲು, ಪ್ರಯಾಣ ಮುಂದೂಡಲು ಸಮಯವಿರುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಅದೇ ಮಾತು ಕೇಳಿಸಿಕೊಂಡವರಿಗೆ ಯಾವ ದಾರಿಯೂ ಉಳಿದಿರುವುದಿಲ್ಲ.

ತಿರಸ್ಕಾರದ ಪತ್ರ ಬಂದವರು ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಬೆಂಗಳೂರಿನಲ್ಲೇ ಕಚೇರಿಯಿದೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಅಮೆರಿಕದ ಕಂಪನಿಯಿಂದ ಕೊಂಡ ಪಾಲಿಸಿಗಳು ಮಾತ್ರ ಅವರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಇದೆಲ್ಲ ಏಟು ಬಿದ್ದ ಮೇಲಿನ ಮದ್ದು. ವಿಮಾ ನಿಯಂತ್ರಣ ಪ್ರಾಧಿಕಾರ ಬದಲಿಸಬೇಕಾದದ್ದು ಅರ್ಜಿಯ ಒಂದು ಸಾಲನ್ನು. ‘ಮೊದಲಿನಿಂದ ಇರುವ ಕಾಯಿಲೆ ಇದೆಯೇ’ ಎಂದು ಕೇಳುವ ಬದಲು, ‘ದಿನವೂ ಯಾವ ಮಾತ್ರೆ ನುಂಗುತ್ತೀರಿ’ ಎಂದು ಕೇಳಲಿ. ಅಡುಗೆಮನೆಯ ಡಬ್ಬಿ ತಂದು ನೋಡಿ ಯಾವ ತಾಯಿಯಾದರೂ ಉತ್ತರಿಸಬಲ್ಲಳು.